ರಾಪಾದ ಹುಳಿಮುದ್ದೆ

ನನ್ನ ಹೆಂಡತಿ ಲಿಯೊಂತಿನ್ ನಮ್ಮ ದ್ವೀಪದ ಪಾಪಾರಾ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಅವಳ ಕೈಯಡುಗೆಯನ್ನು ಬೇಡವೆಂದವರನ್ನು ನಾನು ಕಂಡಿರಲಿಲ್ಲ. ಫ್ರಾನ್ಸಿನಿಂದ ಹೊಸದಾಗಿ ಬಂದ ಮೇಷ್ಟರು ಮೊದಲ ವಾರ ತಮ್ಮ ಬ್ರೆಡ್ಡು, ಚೀಸು ಕಟ್ಟಿಕೊಂಡು ಬರುತ್ತಿದ್ದರು. ಎರಡನೆಯ ವಾರ ಮಕ್ಕಳ ಸಾಲಿನಲ್ಲಿ ತಾವೂ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಕೆಸುವಿನ ಸೊಪ್ಪಿನ ಜೊತೆ ಬೆಂದ ಕೋಳಿ, ನಿಂಬೆಹುಳಿ ಹಿಂಡಿ ತೆಂಗಿನ ಹಾಲು ಸುರಿದ ಹಸಿ ಮೀನು, ಬೀಟ್‌ರೂಟು ಹಾಕಿ ಗುಲಾಬಿ ಬಣ್ಣ ಬರಿಸಿದ ಆಲೂಗಡ್ಡೆ, ಕೊನೆಗೆ ಬಾಳೆಹಣ್ಣು ಅರೆದು ಹಿಟ್ಟು ಬೆರೆಸಿ ಬೇಯಿಸಿದ ಸಿಹಿ, ಪೊಯೆ. ಪೊಯೆ ಮಾಡುವ ದಿನ ಶಾಲೆಗೆ ಗೈರುಹಾಜರಾಗುವ ಮಗುವೇ ಇರಲಿಲ್ಲ.

ನಾನು ಪಾಪಾರಾದಿಂದ ಪಾಪೇತೆ ಪೇಟೆಗೆ ಟ್ರಕ್ಕು ಓಡಿಸುತ್ತಿದ್ದೆ. ಬೆಂಚು ಹಾಕಿದ ಮರದ ಗೂಡಿನಲ್ಲಿ ಜನ, ಚಾವಣಿಯ ಮೇಲೆ ಮೀನು, ಹಂದಿಮರಿ, ಹಾಸಿಗೆ. ಸಂಜೆ ಮನೆಗೆ ಬರುವ ಹೊತ್ತಿಗೆ ನನ್ನ ಪಾಲಿನದು ಮುಚ್ಚಿಟ್ಟಿರುತ್ತಿತ್ತು. ನನ್ನ ಹೊಟ್ಟೆ ನೋಡಿದವರಿಗೆ ನನ್ನ ಹೆಂಡತಿಯ ಉದ್ಯೋಗ ಏನೆಂದು ಹೇಳಬೇಕಾಗಿರಲಿಲ್ಲ.

ಹೀಗಿರುವಾಗ ನಮ್ಮ ಮಗಳು ಮೊಯೆರಾನಿ ಬಸಿರಾದಳು. ಅಂಚೆ ಕಚೇರಿಯಲ್ಲಿ ಕೆಲಸ ಅವಳಿಗೆ. ಗಂಡ ಮನಾರಿ ಟ್ಯೂನಾ ಮೀನಿನ ದೋಣಿಯಲ್ಲಿ ವಾರಗಟ್ಟಲೆ ಕಡಲಿನ ಮೇಲಿರುತ್ತಿದ್ದ. ಅವರ ಮನೆ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಇದ್ದುದರಿಂದ ಅವಳ ಊಟವೆಲ್ಲ ನಮ್ಮಲ್ಲೇ. ಬಸಿರು ನಿಂತ ಸುದ್ದಿ ಕೇಳಿದ ದಿನ ಲಿಯೊಂತಿನ್ ಎರಡು ಕೋಳಿ ಕೊಯ್ದಳು. ಮೊಯೆರಾನಿ ಎರಡು ತುತ್ತು ತಿಂದು ಎದ್ದು ಓಡಿದಳು. ಅಂದಿನಿಂದ ಶುರುವಾದ ವಾಂತಿ ನಿಲ್ಲಲೇ ಇಲ್ಲ.

“ತೆಂಗಿನ ಹಾಲಿನ ವಾಸನೆ ಬರ್ತಿದೆ ಅಮ್ಮ. ಆ ಬಾಗಿಲು ಹಾಕು.”

“ತೆಂಗಿನ ಹಾಲಿಗೆ ಎಂಥ ವಾಸನೆಯೇ? ಹಲ್ಲು ಬರೋಕೆ ಮುಂಚೆಯಿಂದ ಅದನ್ನೇ ಕುಡಿದು ಬೆಳೆದಿದೀಯ.”

“ಗೊತ್ತು. ಆದ್ರೂ ಹಾಕು.”

ಲಿಯೊಂತಿನ್ ತೆಂಗಿನ ಹಾಲನ್ನು ಬಿಟ್ಟಳು. ನಾನು ಮುಂಜಾನೆ ತರುವ ಬಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕಾಫಿಯಲ್ಲಿ ಅದ್ದಿ ಕೊಟ್ಟಳು. ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಶಾಲೆಯಲ್ಲಿ ಚಿಕ್ಕಮಕ್ಕಳಿಗೆ ಮಾಡುವ ತರಕಾರಿ ಸೂಪು ಮಾಡಿದಳು. ವೆನಿಲ್ಲಾ ಕಾಯಿ ಸೀಳಿ ಹಾಕಿ ಅಕ್ಕಿ ಪಾಯಸ ಮಾಡಿದಳು. ಸುಟ್ಟ ದೀವಿಹಲಸು, ಬರೀ ಬೇಯಿಸಿದ ಮೀನು, ಬರೀ ಗಂಜಿ. ಏನು ಕೊಟ್ಟರೂ ಹೋದ ದಾರಿಯಲ್ಲೇ ವಾಪಸ್ಸು ಬಂತು. ಪಾಪೇತೆಯ ಡಾಕ್ಟರು ಒಂದು ದಿನ ಮಲಗಿಸಿಕೊಂಡು ಗ್ಲೂಕೋಸು ಏರಿಸಿದರು. ಇನ್ನೊಂದು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ, ಏನು ಸೇರುತ್ತದೋ ಅದನ್ನು ಕೊಡಿ ಎಂದರು.

“ಏನು ಸೇರುತ್ತೆ ಅಂತ ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?” ಎಂದು ಲಿಯೊಂತಿನ್ ಟ್ರಕ್ಕಿನಲ್ಲಿ ಗೊಣಗಿದಳು. ಮಗಳ ಕೆನ್ನೆಯ ಮೂಳೆ ಕಾಣುತ್ತಿತ್ತು. ಊರಿನ ಮಕ್ಕಳಿಗೆಲ್ಲ ಉಣ್ಣಿಸಿದವಳಿಗೆ ತನ್ನ ಮಗಳಿಗೆ ಒಂದು ತುತ್ತು ಇಳಿಸಲಾಗುತ್ತಿಲ್ಲವಲ್ಲ ಎಂಬುದು ಕಾಯಿಲೆಗಿಂತ ದೊಡ್ಡ ಅವಮಾನವಾಗಿ ಅವಳನ್ನು ತಿನ್ನುತ್ತಿತ್ತು.

ಇಲ್ಲಿ ಮೊಯೆರಾನಿಯ ಹುಟ್ಟಿನ ವಿಷಯ ಹೇಳಬೇಕು. ಅವಳು ನಾವು ಹೆತ್ತ ಮಗಳಲ್ಲ. ಹೆತ್ತವಳು ತೆಪೊರಾ, ರಾಪಾ ದ್ವೀಪದವಳು. ರಾಪಾ ಎಂದರೆ ನಮ್ಮ ದ್ವೀಪಗಳಲ್ಲಿ ದಕ್ಷಿಣದ ತುದಿ. ಎರಡು ತಿಂಗಳಿಗೊಮ್ಮೆ ಹಡಗು ಹೋದರೆ ಹೋಯಿತು, ಅಲೆ ಎದ್ದರೆ ಅದೂ ಇಲ್ಲ. ಅಲ್ಲಿ ಚಳಿ. ತೆಂಗು ಕಾಯಿ ಬಿಡುವುದಿಲ್ಲ, ದೀವಿಹಲಸು ಬೆಳೆಯುವುದಿಲ್ಲ. ಕೆಸುವು ಮಾತ್ರ ಹೊಲಹೊಲವೇ ಬೆಳೆಯುತ್ತದೆ. ಅಲ್ಲಿನ ಹೆಂಗಸರು ಹೆರಿಗೆಗೆ ಪಾಪೇತೆಗೆ ಬರಬೇಕು, ಬಂದು ತಿಂಗಳುಗಟ್ಟಲೆ ಯಾರದಾದರೂ ಮನೆಯಲ್ಲಿ ಕಾಯಬೇಕು. ತೆಪೊರಾ ಹಾಗೆ ಚರ್ಚಿನವರ ಗುರುತಿನಿಂದ ನಮ್ಮ ಮನೆಗೆ ಬಂದವಳು. ಊರಲ್ಲಿ ಅವಳಿಗೆ ಆಗಲೇ ನಾಲ್ಕು ಮಕ್ಕಳಿದ್ದವು. ನಮಗೆ ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ತೊಟ್ಟಿಲು ತೂಗಿರಲಿಲ್ಲ. ಒಂದು ದಿನ ಲಿಯೊಂತಿನ್ ಸೌಟು ಕೆಳಗಿಟ್ಟು, ತೆಪೊರಾಳ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಈ ಮಗುವನ್ನು ನನಗೆ ಕೊಡು ಎಂದು ಕೇಳಿದಳು. ನಮ್ಮಲ್ಲಿ ಕೇಳುವುದೇ ಹಾಗೆ, ಮಗು ಒಳಗಿರುವಾಗಲೇ. ತೆಪೊರಾ ಮರುದಿನ ಊಟಕ್ಕೆ ಕೂತಾಗ “ಆಯ್ತು, ನೀನೇ ಉಣ್ಸು” ಎಂದಳು. ನಾವು ಸಾಕುಮಗು ಎನ್ನುವುದಿಲ್ಲ, ಉಣಿಸಿದ ಮಗು ಎನ್ನುತ್ತೇವೆ. ಅದನ್ನು ಯಾರೂ ಮುಚ್ಚಿಡುವುದೂ ಇಲ್ಲ. ಮೊಯೆರಾನಿಗೆ ಮಾತು ಬಂದಾಗಿನಿಂದ ಇಬ್ಬರು ಅಮ್ಮಂದಿರ ವಿಷಯ ಗೊತ್ತಿತ್ತು.

ಆಮೇಲೆ ದಕ್ಷಿಣದಿಂದ ಬಂದ ಪ್ರತಿ ಹಡಗಿನಲ್ಲೂ ನಮಗೊಂದು ಗಂಟು ಬರುತ್ತಿತ್ತು. ಹಸಿರೆಲೆಯಲ್ಲಿ ಸುತ್ತಿ ನಾರಿನಿಂದ ಬಿಗಿದ ಪೊಪೊಯಿ. ಕೆಸುವಿನ ಗೆಡ್ಡೆ ಬೇಯಿಸಿ, ಕಲ್ಲಿನ ಮೇಲೆ ಕುಟ್ಟಿ, ನಾದಿ, ಎಲೆಯಲ್ಲಿ ಕಟ್ಟಿ ಹುಳಿಬರಿಸಿದ ಮುದ್ದೆ ಅದು. ಹಡಗಿನಲ್ಲಿ ಹದಿನೈದು ದಿನ ಕೂತು ಬಂದದ್ದರ ವಾಸನೆ ಹೇಗಿರುತ್ತದೆಂದು ಹೇಳಬೇಕಿಲ್ಲ. ಲಿಯೊಂತಿನ್‌ಗೆ ಅದನ್ನು ಕಂಡರಾಗದು. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡಿಸುತ್ತಿದ್ದಳು, ಒಳಗೆ ತರಗೊಡುತ್ತಿರಲಿಲ್ಲ. ಆದರೂ ಮೂಗು ಮುಚ್ಚಿಕೊಂಡೇ ಅದರಿಂದ ಒಂದು ಚೂರು ತೆಗೆದು ಮಗುವಿನ ಬಾಯಿಗಿಡುತ್ತಿದ್ದಳು. “ಹೆತ್ತವಳು ಕಳಿಸಿದ್ದು, ನಾಲಿಗೆಗೆ ತಾಗಲಿ” ಎನ್ನುತ್ತಿದ್ದಳು. ಉಳಿದದ್ದನ್ನು ಪೇಟೆಯಲ್ಲಿರುವ ರಾಪಾದವರ ಮನೆಗಳಿಗೆ ನಾನು ಟ್ರಕ್ಕಿನಲ್ಲಿ ಮುಟ್ಟಿಸುತ್ತಿದ್ದೆ.

ಆಸ್ಪತ್ರೆಯಿಂದ ಬಂದ ವಾರದಲ್ಲಿ ಹಡಗು ಬಂತು. ಗಂಟನ್ನು ತಂದು ಕಲ್ಲಿನ ಮೇಲಿಟ್ಟೆ. ಮೊಯೆರಾನಿ ತನ್ನ ಮನೆಯಿಂದ ಹಿತ್ತಿಲಿಗಾಗಿ ಬರುತ್ತಿದ್ದವಳು ಅಲ್ಲೇ ನಿಂತಳು. ಈ ವಾಸನೆಗೆ ಇನ್ನೇನು ಗತಿಯೋ ಎಂದು ನಾನು ಗಂಟನ್ನು ಎತ್ತಿಕೊಳ್ಳಲು ಹೋದೆ.

“ಇರ್ಲಿ ಅಪ್ಪ” ಎಂದಳು. ಕಲ್ಲಿನ ಅಂಚಿನಲ್ಲಿ ಕೂತು ನಾರು ಬಿಚ್ಚಿದಳು, ಎಲೆ ಸರಿಸಿದಳು, ಎರಡು ಬೆರಳಲ್ಲಿ ತಿರುವಿ ಬಾಯಿಗಿಟ್ಟಳು. ಮತ್ತೊಂದು. ಮತ್ತೊಂದು. ನೋಡನೋಡುತ್ತ ಗಂಟು ಅರ್ಧವಾಯಿತು. ತಿಂದು ಕೈ ತೊಳೆದು, ಅಲ್ಲೇ ಮರದ ನೆರಳಿನಲ್ಲಿ ಚಾಪೆಯ ಮೇಲೆ ಮಲಗಿ ನಿದ್ದೆ ಹೋದಳು.

ಲಿಯೊಂತಿನ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನಾನು ಒಳಗೆ ಹೋದಾಗ, “ನಿಂತಿದೆ” ಎಂದಳು. ಒಲೆಯ ಮೇಲಿದ್ದ ಸೂಪನ್ನು ನೋಡಿ, “ಇದನ್ನ ನೀನು ಕುಡಿ” ಎಂದಳು.

ಗಂಟು ಮೂರು ದಿನಕ್ಕೆ ಮುಗಿಯಿತು. ಲಿಯೊಂತಿನ್ ಸಂತೆಯ ಕೆಸುವು ತಂದು ತಾನೇ ಮಾಡಲು ಕೂತಳು. ಮೊದಲ ಸಲ ಗೋಂದಿನಂತಾಯಿತು. ಎರಡನೆಯ ಸಲ ಹುಳಿ ಬರುವ ಬದಲು ಬೂಸಲು ಬಂತು. ಇನ್ನೊಂದು ಸಲ ಮಾಡಿದ್ದನ್ನು ಪಕ್ಕದ ಮನೆಯ ಹಂದಿಗೆ ಹಾಕಿದಳು. ಹಂದಿ ಮೂಸಿ ನೋಡಿ ಹೊರಟುಹೋಯಿತು. ಇದನ್ನು ನಾನು ನೋಡಿದ್ದು ಲಿಯೊಂತಿನ್‌ಗೆ ಇಂದಿಗೂ ಗೊತ್ತಿಲ್ಲ.

ಈ ನಡುವೆ ಪೇಟೆಯ ರಾಪಾದವರ ಮನೆಮನೆಗೆ ಅಲೆಯುವುದು ನನ್ನ ಕೆಲಸವಾಯಿತು. ಅಷ್ಟು ವರ್ಷ ಹಂಚಿದ್ದನ್ನು ಈಗ ಬೇಡಿಕೊಂಡು ತರುತ್ತಿದ್ದೆ. ಅವರೂ ಇದ್ದುದರಲ್ಲಿ ಒಂದಿಷ್ಟು ಕೊಟ್ಟರು. ಆದರೆ ಅವರದೂ ಮುಗಿಯುತ್ತ ಬಂತು.

ಕೊನೆಗೆ ಲಿಯೊಂತಿನ್ ರಾಪಾದ ಪಂಚಾಯಿತಿ ಕಚೇರಿಗೆ ಫೋನು ಮಾಡಿ ತೆಪೊರಾಳನ್ನು ಕರೆಸಿದಳು. ಪಕ್ಕದಲ್ಲೇ ಕೂತಿದ್ದ ನನಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು. ರಾಪಾದವರು ಫೋನಿನಲ್ಲಿ ಕಡಲಿನಾಚೆಗೆ ಕೂಗಿದ ಹಾಗೆಯೇ ಮಾತಾಡುವುದು.

“ಏನಕ್ಕಾ, ಯಾರೋದ್ರು?”

“ಯಾರೂ ಹೋಗಿಲ್ಲ. ನಿನ್ನ ಪೊಪೊಯಿ ಹೇಗೆ ಮಾಡೋದು, ಹೇಳು.”

“ನಿಂಗ್ಯಾಕಕ್ಕ ಅದು? ನಾತ ಅಂತಿದ್ದೆ.”

“ನಾನ್ಯಾವಾಗ ಅಂದೆ?”

“ನಿಮ್ಮನೇಲಿದ್ದಾಗ ದಿನಾ ಅಂತಿದ್ದೆ. ನಾನು ಹೊರಗೆ ಕೂತು ಉಣ್ಣೋಳು, ಮರೆತೋಯ್ತಾ?”

ಲಿಯೊಂತಿನ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. “ಮೊಯೆರಾನಿಗೆ ಬೇರೇನೂ ನಿಲ್ತಿಲ್ಲ, ತೆಪೊರಾ. ಬಸಿರು. ನಾ ಮಾಡಿದ್ದು ಯಾವುದೂ ನಿಲ್ತಿಲ್ಲ. ನೀನು ಕಳಿಸಿದ್ದೊಂದೇ.”

ಈ ಸಲ ತೆಪೊರಾ ಕೂಗಲಿಲ್ಲ. “ಫೋನಲ್ಲಿ ಹೇಳೋ ಅಂತದ್ದಲ್ಲ ಅದು. ಕೈಗೆ ಗೊತ್ತಾಗ್ಬೇಕು. ಹಡಗು ಬರ್ಲಿ, ನಾನೇ ಬತ್ತೀನಿ.”

ಹಡಗು ಬಂತು. ಮೈಸುಡುವ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರು ಹಾಕಿಕೊಂಡು ತೆಪೊರಾ ಇಳಿದಳು. ಗಿಡ್ಡ ಆಳು, ನರೆತ ಜಡೆ, ಹುಲಿಯಂಥ ನಡಿಗೆ. ಹಿಂದೆ ಕೆಸುವಿನ ಚೀಲಗಳು, ಕಿತ್ತಳೆಯ ಚೀಲ, ಎಲೆಗಂಟುಗಳು, ಬಟ್ಟೆಯಲ್ಲಿ ಸುತ್ತಿದ ಕುಟ್ಟುವ ಕಲ್ಲು. ಲಿಯೊಂತಿನ್ ಹೂವಿನ ಹಾರ ಹಾಕಿ ಎರಡೂ ಕೆನ್ನೆಗೆ ಮುತ್ತಿಟ್ಟಳು. ತೆಪೊರಾ ಮಗಳ ಮುಂದೆ ಬಂದು ನಿಂತು ಅವಳ ಕೆನ್ನೆ ಸವರಿದಳು. “ಕಡ್ಡಿ ಆಗಿದೀಯಲ್ಲೇ” ಎಂದಳು. ಟ್ರಕ್ಕಿನಲ್ಲಿ ಅವಳ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡಿದ್ದಳು.

ಕನ್ನಡಿಯಲ್ಲಿ ಅದು ನನಗೆ ಕಂಡಿತು. ನನ್ನ ಪಕ್ಕದಲ್ಲಿದ್ದ ಲಿಯೊಂತಿನ್‌ಗೂ ಕಂಡಿತು. ಮನೆಗೆ ಬಂದ ಮೇಲೆ ಅವಳು ನನ್ನನ್ನು ನೀರಿನ ತೊಟ್ಟಿಯ ಹಿಂದಕ್ಕೆ ಎಳೆದಳು.

“ಅವಳು ಕೇಳೋಕೆ ಬಂದಿದಾಳೆ, ತಿಹೋನಿ.”

“ಏನನ್ನ?”

“ಮಗುನ. ಇನ್ನೇನನ್ನ? ನಾನೂ ಹಾಗೇ ಅಲ್ವಾ ಕೇಳಿದ್ದು, ಹೊಟ್ಟೆ ಮೇಲೆ ಕೈಯಿಟ್ಟು? ಅವಳು ಎರಡು ಮಾತಾಡದೆ ಕೊಟ್ಟಳು. ಈಗ ಅವಳು ಕೇಳಿದ್ರೆ ಯಾವ ಬಾಯಲ್ಲಿ ಬೇಡ ಅನ್ಲಿ?”

ಮೊದಲ ಮೊಮ್ಮಗುವನ್ನು ಅಜ್ಜಿಯಂದಿರು ಕೇಳಿ ತೆಗೆದುಕೊಳ್ಳುವುದು ನಮ್ಮಲ್ಲಿ ಹೊಸತಲ್ಲ. ಅದರಲ್ಲೂ ನಮ್ಮ ಮೇಲಿದ್ದ ಋಣ ದೊಡ್ಡದು. ಆದರೆ ರಾಪಾಕ್ಕೆ ಹೋದ ಮಗುವನ್ನು ನಾವು ಮತ್ತೆ ನೋಡುವುದು ಯಾವಾಗ?

ಮರುದಿನ ಬೆಳಕು ಹರಿಯುವ ಮೊದಲೇ ಹಿತ್ತಿಲಿನಿಂದ ಧಪ್, ಧಪ್ ಎಂಬ ಸದ್ದು. ತೆಪೊರಾ ಬಟ್ಟೆ ಒಗೆಯುವ ಕಲ್ಲನ್ನು ತೊಳೆದು ಅದರ ಮೇಲೆಯೇ ಕೆಸುವು ಕುಟ್ಟುತ್ತಿದ್ದಳು. ತೋಳಿನ ಮಾಂಸ ಕುಣಿಯುತ್ತಿತ್ತು. ನೆರೆಮನೆಯ ನಾಯಿಗಳೆಲ್ಲ ಬೇಲಿಗೆ ಬಂದು ನಿಂತಿದ್ದವು. ಲಿಯೊಂತಿನ್ ಬಾಗಿಲಲ್ಲಿ ನಿಂತು, “ನಮ್ಮಲ್ಲಿ ಬೆಳಿಗ್ಗೆ ಜನ ಮಲಗಿರ್ತಾರೆ” ಎಂದಳು.

“ಅದಕ್ಕೇ ನಿಮ್ ಕೈಗೆ ಬಲ ಇಲ್ಲ, ಅಕ್ಕ.”

ಅಲ್ಲಿಂದ ನನ್ನ ಕಷ್ಟ ಶುರುವಾಯಿತು, ಕಷ್ಟವೆನ್ನುವುದಾದರೆ. ಬೆಳಿಗ್ಗೆ ತೆಪೊರಾ ಪೊಪೊಯಿ ಮತ್ತು ಸುಟ್ಟ ಮೀನು ತಂದಿಟ್ಟು ತಿನ್ನುವತನಕ ಎದುರಿಗೆ ಕೂರುತ್ತಿದ್ದಳು. ಅದನ್ನು ಮುಗಿಸಿ ಒಳಗೆ ಹೋದರೆ ಲಿಯೊಂತಿನ್ ಬೆಣ್ಣೆ ಬ್ರೆಡ್ಡು, ಎಣ್ಣೆಯಲ್ಲಿ ಕರಿದ ಸಿಹಿ ಸುರುಳಿ, ಕಾಫಿ ಇಟ್ಟುಕೊಂಡು, “ಅಲ್ಲಿ ತಿಂದ್ಯಾ?” ಎನ್ನುತ್ತಿದ್ದಳು. ತಿಂದೆ ಎಂದರೆ ಮುನಿಸು, ಇಲ್ಲವೆಂದರೆ ಸುಳ್ಳು. ಎರಡನ್ನೂ ತಪ್ಪಿಸಲು ಮತ್ತೆ ತಿನ್ನುತ್ತಿದ್ದೆ. ಟ್ರಕ್ಕಿನ ಸ್ಟಿಯರಿಂಗಿಗೂ ನನ್ನ ಹೊಟ್ಟೆಗೂ ನಡುವೆ ಜಾಗ ಕಡಿಮೆಯಾಗುತ್ತ ಬಂತು.

ಅಡುಗೆಮನೆಯಲ್ಲಿ ದಿನವೂ ಒಂದೊಂದು ತಕರಾರು.

“ಮೀನು ಆಗಲೇ ಸತ್ತೈತಲ್ಲ ಅಕ್ಕ, ಅದನ್ನ ಮತ್ಯಾಕೆ ಹಾಲಲ್ಲಿ ಮುಳುಗಿಸಿ ಸಾಯಿಸ್ತೀಯ?”

“ತೆಂಗಿನಮರ ಕಾಣದ ಊರವರಿಗೆ ಹಾಲಿನ ರುಚಿ ಏನು ಗೊತ್ತು?”

“ಮೀನಿನ ರುಚಿ ಗೊತ್ತು ನಮಗೆ. ನಿಮಗೆ ಅದೇ ಮರೆತೋಗೈತೆ.”

“ಮೊಸರಿಗಿಂತ ಹುಳಿಯಾದ ಕೆಸುವು ತಿನ್ನೋ ನಾಲಿಗೆ ಅದು. ಅದರ ಮಾತು ಕೇಳ್ಕೊಂಡು ಅಡುಗೆ ಮಾಡ್ಲಾ ನಾನು?”

ಇಷ್ಟೆಲ್ಲ ಆದರೂ ಮಗಳ ಮೈ ತುಂಬಿಕೊಳ್ಳತೊಡಗಿತು. ಕೆನ್ನೆಗೆ ಬಣ್ಣ ಬಂತು. ಪೊಪೊಯಿಯ ಜೊತೆ ಮೊದಲು ಒಂದು ಕಿತ್ತಳೆ, ಆಮೇಲೆ ಬೇಯಿಸಿದ ಮೀನು, ಆಮೇಲೆ ಒಂದು ದಿನ ಲಿಯೊಂತಿನ್ ಮಾಡಿದ ಸೂಪು. ಸೂಪು ನಿಂತ ದಿನ ಲಿಯೊಂತಿನ್ ಚರ್ಚಿಗೆ ಹೋಗಿ ಬಂದಳು, ಅದೂ ಮಂಗಳವಾರದಂದು.

ಅದೇ ವಾರ ನಾವೆಲ್ಲ ಹಿತ್ತಿಲಲ್ಲಿ ಕೂತು ಉಣ್ಣುತ್ತಿದ್ದಾಗ ತೆಪೊರಾ ಮಗಳ ಕೈಯನ್ನೇ ನೋಡುತ್ತಿದ್ದಳು. ಮೊಯೆರಾನಿ ಎರಡು ಬೆರಳನ್ನು ಮುದ್ದೆಯಲ್ಲಿ ಇಳಿಸಿ, ಒಂದು ಸುತ್ತು ತಿರುವಿ, ನೂಲು ಕಡಿದಂತೆ ಮೇಲೆತ್ತಿ ಬಾಯಿಗಿಡುತ್ತಿದ್ದಳು.

“ಹಂಗೆ ತಿನ್ನೋದು ಯಾರು ಕಲಿಸಿದ್ದು ನಿಂಗೆ?” ಎಂದು ಕೇಳಿದಳು.

ಮೊಯೆರಾನಿ ತುಂಬಿದ ಬಾಯಲ್ಲೇ ಹುಬ್ಬೆತ್ತಿ ಲಿಯೊಂತಿನ್ ಕಡೆ ತೋರಿಸಿದಳು.

“ನೀನಾ ಅಕ್ಕ?”

“ನಮ್ಮನೇಲಿ ಇದ್ದಾಗ ನೀನು ತಿನ್ನೋದು ನೋಡಿದ್ದೆ” ಎಂದಳು ಲಿಯೊಂತಿನ್, ಬಟ್ಟಲುಗಳನ್ನು ಒಟ್ಟುಮಾಡುತ್ತ. “ನಿಮ್ಮೂರಿಗೆ ಹೋದಾಗ ಜನ ನೋಡಿ ನಗಬಾರ್ದು ಅಂತ ತೋರಿಸಿಕೊಟ್ಟೆ. ನಂಗೇನು ಅದು ಇಷ್ಟ ಅಂತಲ್ಲ.”

ತೆಪೊರಾ ಎದ್ದಳು. ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ತೊಳೆಯಲು ಹೋದಳು. ಮರುದಿನ ಸಂಜೆ ನಾನು ಮನೆಗೆ ಬಂದಾಗ ತೆಂಗು ತುರಿಯುವ ಹಲಗೆಯ ಮೇಲೆ ಕಾಲು ಚಾಚಿ ಕೂತು, ನಾಲಿಗೆ ಕಚ್ಚಿಕೊಂಡು, ಬೆರಳು ಕೊಯ್ದುಕೊಳ್ಳದಂತೆ ಹುಷಾರಾಗಿ ಕಾಯಿ ತುರಿಯುತ್ತಿದ್ದವಳು ತೆಪೊರಾ. ಲಿಯೊಂತಿನ್ ಪಕ್ಕದಲ್ಲಿ ನಿಂತು, “ಅಂಚಿನ ತನಕ ಹೋಗ್ಬೇಡ, ಚಿಪ್ಪು ಬರುತ್ತೆ” ಎನ್ನುತ್ತಿದ್ದಳು. ಅಂದು ಕೆಸುವಿನ ಸೊಪ್ಪಿನ ಕೋಳಿಯನ್ನು ತೆಪೊರಾ ಎರಡು ಸಲ ಹಾಕಿಸಿಕೊಂಡಳು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ದಕ್ಷಿಣಕ್ಕೆ ಹೋಗುವ ಹಡಗು ಬಂದಾಗ ತೆಪೊರಾ ಹತ್ತಲಿಲ್ಲ. “ಹೆರಿಗೆ ಮುಗಿಸ್ಕೊಂಡು ಹೋಗ್ತೀನಿ” ಎಂದಳು. ಲಿಯೊಂತಿನ್ ನನ್ನ ಮುಖ ನೋಡಿದಳು. ಕಡಿಮೆಯಾಗಿದ್ದ ಭಯ ಮತ್ತೆ ಮನೆ ಹೊಕ್ಕಿತು. ತೆಪೊರಾ ಮಗಳ ಹತ್ತಿರ ಕೂತರೆ ಸಾಕು, ಲಿಯೊಂತಿನ್ ಏನಾದರೂ ನೆಪ ಮಾಡಿಕೊಂಡು ನಡುವೆ ಹೋಗಿ ಕೂರುತ್ತಿದ್ದಳು.

ತಿಂಗಳು ತುಂಬುತ್ತ ಬಂದ ಒಂದು ಭಾನುವಾರ ಮನಾರಿ ಕಡಲಿನಿಂದ ಬಂದಿದ್ದ. ನೆಲದ ಒಲೆ ತೋಡಿ, ಕಲ್ಲು ಕಾಯಿಸಿ, ಹಂದಿಮರಿ, ಕೆಸುವು, ದೀವಿಹಲಸು, ಕುಂಬಳದ ಪೊಯೆ ಎಲ್ಲ ಇಳಿಸಿ ಎಲೆ ಮುಚ್ಚಿದ್ದೆವು. ಚರ್ಚು ಮುಗಿಸಿ ಬಂದು ಒಲೆ ತೆಗೆದಾಗ ಹೊಗೆಯ ಘಮ ರಸ್ತೆಯವರೆಗೂ ಹೋಯಿತು. ಎಲ್ಲರೂ ಮೇಜಿಗೆ ಕೂತೆವು. ಪ್ರಾರ್ಥನೆ ಮುಗಿದ ಮೇಲೆ ತೆಪೊರಾ ಕೈ ಚಾಚದೆ ಹಾಗೇ ಕೂತಳು.

“ನಾನೊಂದು ಮಾತಾಡ್ಬೇಕು, ಅಕ್ಕ. ಬಂದ ದಿನದಿಂದ ಹೇಳಾಕೆ ಬಾಯೇ ಬಂದಿಲ್ಲ.”

ಲಿಯೊಂತಿನ್ ಗುಲಾಬಿ ಆಲೂಗಡ್ಡೆಯ ಬಟ್ಟಲು ಹಿಡಿದು ನಿಂತಿದ್ದಳು. ಅದನ್ನು ಕೆಳಗಿಡಲೂ ಇಲ್ಲ. “ಗೊತ್ತು” ಎಂದಳು. ಅವಳ ಧ್ವನಿ ನನಗೇ ಗುರುತು ಹತ್ತಲಿಲ್ಲ. “ಕೇಳು. ಕೇಳೋದು ನಿನ್ನ ಹಕ್ಕು. ನಾನು ಅಡ್ಡ ಬರಲ್ಲ.”

“ಏನು ಕೇಳೋದು?”

“ಮಗುನ.”

ತೆಪೊರಾ ಅವಳತ್ತ ತಿರುಗಿದಳು. “ನಾನ್ಯಾಕೆ ಕೇಳ್ಲಿ? ನೀನೂ ಕೇಳ್ಬೇಡ ಅಂತ ಹೇಳಾಕೆ ಬಂದೋಳು ನಾನು.”

ತೆಪೊರಾ ಮೇಜಿನ ಮೇಲಿನ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಉರುಳಿಸುತ್ತ ಮಾತಾಡಿದಳು.

“ಇವಳನ್ನ ನಿನ್ನ ಕೈಲಿಟ್ಟು ಹಡಗು ಹತ್ತಿದ್ನಲ್ಲ, ದಾರೀಲೆಲ್ಲ ಎದೆಹಾಲು ಸುರೀತಿತ್ತು. ಬಟ್ಟೆ ಬಿಗಿಯಾಗಿ ಕಟ್ಕೊಂಡಿದ್ದೆ. ಕಡಲು ಕಂಡ್ರೂ ಸುರಿಯೋದು, ಯಾರದೋ ಮಗು ಅತ್ರೂ ಸುರಿಯೋದು. ನಿನ್ ಮೇಲೆ ಸಿಟ್ಟಿಲ್ಲ ಅಕ್ಕ, ದೇವರಾಣೆ ಇಲ್ಲ. ನೀನು ಇವಳನ್ನ ನನಗಿಂತ ಚೆನ್ನಾಗಿ ಬೆಳೆಸಿದೀಯ. ಕೊಟ್ಟಿದ್ದು ಸರಿ ಅಂತ ಈಗ್ಲೂ ಅಂತೀನಿ. ಆದ್ರೆ ಇವಳಿಗೆ ಆ ಹಡಗಿನ ದಾರಿ ಬ್ಯಾಡ. ಪಕ್ಕದ ಮನೆಗೇ ಕೊಡ್ಲಿ, ಅದೂ ದೂರಾನೇ.”

ಲಿಯೊಂತಿನ್ ಬಟ್ಟಲನ್ನು ಮೇಜಿನ ಮೇಲಿಟ್ಟು ಕೂತಳು. ಮುಖವನ್ನು ಏಪ್ರನ್ನಿನಿಂದ ಒತ್ತಿಕೊಂಡಳು. “ನೀನು ಒಂದು ದಿನವಾದ್ರೂ ಹೇಳ್ಲಿಲ್ಲ” ಎಂದಳು ಅದರೊಳಗಿನಿಂದಲೇ.

“ಹೇಳಿದ್ರೆ ನೀನು ವಾಪಸ್ ಕೊಡ್ತೀನಿ ಅಂದ್ಬಿಟ್ರೆ? ಇವಳು ನಿನ್ನನ್ನ ಅಮ್ಮ ಅನ್ನೋಕೆ ಸುರುಮಾಡಿದ್ಳು.”

ಅವರಿಬ್ಬರ ನಡುವೆ ಕೂತಿದ್ದ ಮೊಯೆರಾನಿ ಇಷ್ಟು ಹೊತ್ತೂ ಒಮ್ಮೆ ಇತ್ತ, ಒಮ್ಮೆ ಅತ್ತ ನೋಡುತ್ತಿದ್ದವಳು ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಸಿಟ್ಟೂ ಬಂದಿತ್ತು.

“ನನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದಳು. “ಇದು ನಂದು, ಮನಾರಿದು. ಯಾರಿಗೂ ಕೊಡಲ್ಲ. ನಾನೇ ಉಣ್ಣಿಸ್ತೀನಿ.”

ಲಿಯೊಂತಿನ್ ಏಪ್ರನ್ನು ಕೆಳಗಿಳಿಸಿ ಮೂಗು ಒರೆಸಿಕೊಂಡಳು.

“ಏನನ್ನ ಉಣ್ಣಿಸ್ತೀಯ? ಅಂಚೆ ಚೀಟಿನಾ?”

ಮೊದಲು ನಕ್ಕವಳು ತೆಪೊರಾ. ಹಲ್ಲಿಲ್ಲದ ಜಾಗವೆಲ್ಲ ಕಾಣುವಂತೆ ನಕ್ಕಳು. “ನಿಜ ಹೇಳ್ತಾಳೆ ಅಕ್ಕ. ಇವಳಿಗೆ ನೀರು ಕಾಯ್ಸೋಕೆ ಬತ್ತದಾ?”

“ಕಾಯ್ಸಕ್ಕೆ ಬರುತ್ತೆ. ಒಲೆ ಆರಿಸೋಕೆ ಮರೀತಾಳೆ” ಎಂದ ಮನಾರಿ. ಹೇಳಿದ ತಕ್ಷಣ ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿ ಹಂದಿಮಾಂಸಕ್ಕೆ ಕೈ ಹಾಕಿದ.

ಆ ದಿನ ಒಲೆಯಿಂದ ತೆಗೆದದ್ದರಲ್ಲಿ ಏನೂ ಉಳಿಯಲಿಲ್ಲ.

ಸೋಮವಾರದಿಂದ ಪಾಠ ಶುರುವಾಯಿತು. ತನ್ನ ಮಗುವಿಗೆ ತಾನೇ ಉಣ್ಣಿಸುವವಳಿಗೆ ಅಡುಗೆ ಕಲಿಸದೆ ಬಿಡುವುದಿಲ್ಲವೆಂದು ಇಬ್ಬರೂ ಒಂದಾಗಿದ್ದರು. ಆದರೆ ಏನು ಕಲಿಸುವುದು ಎಂಬಲ್ಲಿ ಒಂದಾಗಿರಲಿಲ್ಲ. ಒಬ್ಬಳು ಉಪ್ಪು ಹಾಕು ಎಂದರೆ ಇನ್ನೊಬ್ಬಳು ಆಮೇಲೆ ಎನ್ನುವಳು. ತುಂಬು ಬಸುರಿ ನಡುವೆ ನಿಂತು, “ಮೊದಲು ನೀವಿಬ್ಬರೂ ತೀರ್ಮಾನಿಸಿ, ಆಮೇಲೆ ನನ್ನ ಕರೀರಿ” ಎಂದು ಹೋಗಿ ಮಲಗಿಬಿಡುತ್ತಿದ್ದಳು. ಅವಳು ಎದ್ದು ಬರುವ ಹೊತ್ತಿಗೆ ಅವರು ಅಡುಗೆ ಮುಗಿಸಿಯೇ ಬಿಟ್ಟಿರುತ್ತಿದ್ದರು. ಒಂದು ವಾರ ಹೀಗೇ ಕಳೆದ ಮೇಲೆ ಅವಳು ಒಂದು ದಿನ ಇಬ್ಬರನ್ನೂ ಹೊರಗೆ ಕಳಿಸಿ ಅಡುಗೆಮನೆಯ ಚಿಲಕ ಹಾಕಿಕೊಂಡಳು.

ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬಂದಾಗಲೆಲ್ಲ ಏಳುವುದು, ಮತ್ತೆ ಕೂರುವುದು.

“ಸೀದ ವಾಸನೆ” ಎಂದಳು ಲಿಯೊಂತಿನ್.

“ಸುಮ್ನಿರಕ್ಕ. ನೀನು ಮೊದಲನೇ ಸಲ ಏನು ಮಾಡಿದ್ದೆ?”

“ನಾನು ಸೀಯಿಸಿರಲಿಲ್ಲ.”

“ನಾನು ಸೀಯಿಸಿದ್ದೆ. ನನ್ನ ಅತ್ತೆ ಎರಡು ದಿನ ಮಾತಾಡಲಿಲ್ಲ.”

ಕೊನೆಗೆ ಬಾಗಿಲು ತೆರೆಯಿತು. ಹಸಿ ಮೀನು, ಅರ್ಧಕ್ಕೆ ತೆಂಗಿನ ಹಾಲು ಹಾಕಿ, ಇನ್ನರ್ಧ ಹಾಗೇ. ಬೆಂದ ಕೆಸುವು. ಒಂದು ಕಡೆ ಕರಿಕಾದ ಪೊಯೆ. ಮೀನಿಗೆ ಉಪ್ಪು ಎಷ್ಟಿತ್ತೆಂದರೆ ಅದು ಕಡಲಿನಿಂದ ಹೊರಗೆ ಬಂದಂತೆಯೇ ಇರಲಿಲ್ಲ. ನಾನು ನೀರಿಗೆ ಕೈ ಹಾಕಿದೆ. ಮೇಜಿನ ಕೆಳಗೆ ಎರಡು ಕಡೆಯಿಂದ ಎರಡು ಕಾಲು ನನ್ನ ಕಾಲನ್ನು ತುಳಿದವು.

ತೆಪೊರಾ ಹಾಲು ಹಾಕಿದ್ದನ್ನು ತಿಂದಳು. ಲಿಯೊಂತಿನ್ ಹಾಲು ಹಾಕದ್ದನ್ನು ತಿಂದಳು. “ಇನ್ನೊಂದು ಸ್ವಲ್ಪ ಹಾಕು” ಎಂದಳು ತೆಪೊರಾ. “ನಂಗೂ” ಎಂದಳು ಲಿಯೊಂತಿನ್. ಮೊಯೆರಾನಿ ತಾನೊಂದು ತುಂಡು ಬಾಯಿಗಿಟ್ಟು ಮುಖ ಕಿವುಚಿ, ಇಬ್ಬರನ್ನೂ ನೋಡಿ, “ನೀವಿಬ್ಬರೂ ಸುಳ್ಳಿಯರು” ಎಂದಳು.

ಮಗು ಹುಟ್ಟಿತು. ಹೆಣ್ಣು, ಗಟ್ಟಿ ಗಂಟಲಿನದು. ಮೊಯೆರಾನಿ ಹಾಲೂಡಿಸುವಾಗ ಇಬ್ಬರು ಅಜ್ಜಿಯರಿಗೂ ಮಾಡಲು ಏನೂ ಇರುತ್ತಿರಲಿಲ್ಲ. ಹಾಸಿಗೆಯ ಎರಡೂ ಬದಿಗೆ ಕೂತು ಮಗುವಿನ ಕೆನ್ನೆ ಉಬ್ಬಿ ಇಳಿಯುವುದನ್ನು ನೋಡುತ್ತಿದ್ದರು. ಒಮ್ಮೆ ತೆಪೊರಾ ನೋಡುತ್ತಲೇ ಅಳತೊಡಗಿದಳು. ಲಿಯೊಂತಿನ್ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತು ಬೆನ್ನು ನೀವಿದಳು.

ಹಡಗಿನ ದಿನ ಲಿಯೊಂತಿನ್ ಬೆಳಿಗ್ಗೆ ಬೇಕರಿಯಲ್ಲಿದ್ದ ಬ್ರೆಡ್ಡನ್ನೆಲ್ಲ ತರಿಸಿದಳು. ರಾಪಾದಲ್ಲಿ ಬೇಕರಿ ಇಲ್ಲ. ಜೊತೆಗೆ ಬೆಣ್ಣೆಯ ಡಬ್ಬಿ, ವೆನಿಲ್ಲಾ ಕಾಯಿ, ಒಂದು ಚೀಲ ತೆಂಗಿನಕಾಯಿ.

“ಇಷ್ಟು ಕಾಯಿ ತಗೊಂಡೋಗಿ ಏನ್ ಮಾಡ್ಲಿ?”

“ಮೀನಿಗೆ ಹಾಕು. ನಿಮ್ಮೂರವರು ಬೈದ್ರೆ ನನ್ನ ಹೆಸರು ಹೇಳು.”

ಹಡಗು ದಡ ಬಿಟ್ಟು ಹವಳದ ಬಂಡೆಸಾಲಿನ ನಡುವಿನ ಕಿಂಡಿ ದಾಟುವವರೆಗೂ ಲಿಯೊಂತಿನ್ ಕೈ ಬೀಸುತ್ತಲೇ ಇದ್ದಳು. ಅತ್ತ ಕಡೆಯಿಂದ ಉಣ್ಣೆಯ ಸ್ವೆಟರೊಂದು ಬೀಸುತ್ತಿತ್ತು.

ಅದಾದ ಮೇಲಿನ ಭಾನುವಾರ ಲಿಯೊಂತಿನ್ ಎಂದಿನಂತೆ ಬೆಳಿಗ್ಗೆ ಎದ್ದು ಕೋಳಿ ಹಿಡಿಯಲು ಹೊರಟಳು. ಹಿತ್ತಿಲಾಚೆಯಿಂದ ಮಗಳು ಕೂಗಿ ಹೇಳಿದಳು: “ಅಮ್ಮ, ಇವತ್ತು ಊಟಕ್ಕೆ ಇಲ್ಲಿಗೇ ಬಾ. ಅಪ್ಪನ್ನೂ ಕರ್ಕೊಂಡು ಬಾ. ಏನೂ ತರಬೇಡ.”

ಲಿಯೊಂತಿನ್‌ಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೂವಿನ ಉಡುಪು ಹಾಕಿಕೊಂಡಳು, ಕಿವಿಗೆ ಹೂ ಸಿಕ್ಕಿಸಿಕೊಂಡಳು, ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಎರಡು ಸಲ ಅಡುಗೆಮನೆಗೆ ಹೋಗಿ ಬಂದಳು. ಮಗಳ ಮನೆಯಲ್ಲಿ ಮೇಜಿನ ತಲೆಯ ಕಡೆ ಅವಳಿಗೆ ಕುರ್ಚಿ ಹಾಕಿದ್ದರು. ಅವಳು ಎರಡು ಸಲ ಏಳಲು ನೋಡಿದಳು. ಎರಡು ಸಲವೂ ಮೊಯೆರಾನಿ ಭುಜ ಒತ್ತಿ ಕೂರಿಸಿದಳು. ಮಗು ಸೊಂಟದ ಮೇಲೆ, ಸೌಟು ಇನ್ನೊಂದು ಕೈಯಲ್ಲಿ. ಕೆಸುವಿನ ಸೊಪ್ಪಿನ ಕೋಳಿ ಬಡಿಸಿದಳು, ಪಕ್ಕದಲ್ಲಿ ತಾನೇ ಕುಟ್ಟಿ ಹುಳಿಬರಿಸಿದ ಒಂದು ಚಿಕ್ಕ ಮುದ್ದೆ ಇಟ್ಟಳು.

ನನ್ನ ಹೆಂಡತಿ ಕೂತು ಉಂಡದ್ದನ್ನು ನಾನು ಆ ಮನೆಯಲ್ಲೇ ಮೊದಲ ಸಲ ಪೂರ್ತಿಯಾಗಿ ನೋಡಿದೆ. ನಿಧಾನವಾಗಿ ತಿಂದಳು. ಮುದ್ದೆಯನ್ನು ಮೂಗಿನ ಹತ್ತಿರ ತಂದು ಒಂದು ಕ್ಷಣ ತಡೆದಳು, ಆಮೇಲೆ ಎರಡು ಬೆರಳಲ್ಲಿ ತಿರುವಿ ಬಾಯಿಗಿಟ್ಟಳು.

“ಹೇಗಿದೆ?” ಎಂದಳು ಮಗಳು.

“ಮಗುನ ಇತ್ತ ಕೊಡು” ಎಂದಳು ಲಿಯೊಂತಿನ್. “ನೀನೂ ಕೂತ್ಕೊಂಡು ಬಿಸಿ ಇರುವಾಗಲೇ ಉಣ್ಣು.”